ಸ್ವಂತ ದುಡ್ಡಲ್ಲಿ ಸಾಫ್ಟ್‌ವೇರ್ ವ್ಯವಹಾರ: ದಾವಣಗೆರೆ, ದುರ್ಗದ ಕಡೆ ಮಾಡಿದವರು ಏನು ಹೇಳುತ್ತೀರಿ?

ಕೇಳಿದವರು:
ನಮಸ್ಕಾರ. ಬೆಂಗಳೂರಿನಲ್ಲಿ ಆರು ವರ್ಷದಿಂದ ಸಾಫ್ಟ್‌ವೇರ್ ಕೆಲಸ. ಊರು ದಾವಣಗೆರೆ. ವಾಪಸ್ ಬಂದು ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿ ಮಾರುವ ಆಸೆ ಇದೆ. ಕೈಯಲ್ಲಿ 4 ಲಕ್ಷ ಉಳಿತಾಯ ಇದೆ. ಸಾಲ ಬೇಡ, ಬೇರೆಯವರ ಬಂಡವಾಳವೂ ಬೇಡ. ಮಾಡಿದವರು ಸ್ವಲ್ಪ ಬಿಡಿಸಿ ಹೇಳಿ.

ದಾವಣಗೆರೆಯಿಂದ:
ನಾನು 2015ರಲ್ಲಿ ಇದನ್ನೇ ಶುರು ಮಾಡಿದವನು. ಚೌಕಿಪೇಟೆಯ ಬಟ್ಟೆ ಅಂಗಡಿಗಳು, ಆಮೇಲೆ ಹಾರ್ಡ್‌ವೇರ್ ಅಂಗಡಿಗಳು, ಈಗ ಎಪಿಎಂಸಿಯ, ಅಂದರೆ ಕೃಷಿ ಮಾರುಕಟ್ಟೆಯ, ದಲಾಲಿ ಅಂಗಡಿಗಳು. ನನ್ನ ಮುಖ್ಯ ಮಾತು ಒಂದೇ. ಒಂದೇ ಸಲಕ್ಕೆ ದುಡ್ಡು ತಗೊಂಡು ಮಾರಬೇಡಿ. ವರ್ಷಕ್ಕೆ ಇಷ್ಟು ಅಂತ ಮೊದಲ ದಿನವೇ ಹೇಳಿ.

ನಾನು ಹಾಗೆ ಮಾಡಲಿಲ್ಲ. 15,000 ರೂಪಾಯಿಗೆ ಮಾರಿದೆ, ಅಷ್ಟೇ. ಎರಡು ವರ್ಷದಲ್ಲಿ 22 ಅಂಗಡಿ ಆಯಿತು. ಬಂದ ದುಡ್ಡು ಮನೆ ಖರ್ಚಿಗೆ ಹೋಗಿತ್ತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಹಳೇ ವ್ಯಾಟ್ ತೆರಿಗೆಯ ಬಿಲ್ ಹೋಗಿ ಎಚ್‌ಎಸ್‌ಎನ್ ಕೋಡ್ (ಸರಕಿನ ವರ್ಗದ ನಂಬರ್), ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ (ಕೇಂದ್ರದ ಪಾಲು, ರಾಜ್ಯದ ಪಾಲು) ಅಂತ ಇಡೀ ಬಿಲ್ಲೇ ಬದಲಾಯಿತು. 22 ಅಂಗಡಿಯವರೂ ಒಂದೇ ವಾರದಲ್ಲಿ ಫೋನ್ ಮಾಡಿದರು. 'ನಿನ್ನ ಸಾಫ್ಟ್‌ವೇರ್ ತಾನೇ, ಸರಿ ಮಾಡಿಕೊಡು' ಅಂದರು. ಅವರ ಮಾತಲ್ಲಿ ತಪ್ಪಿರಲಿಲ್ಲ. ಮುಂದೆ ದುಡ್ಡು ಕೊಡಬೇಕಾಗುತ್ತೆ ಅಂತ ನಾನು ಹೇಳಿಯೇ ಇರಲಿಲ್ಲವಲ್ಲ. ಎರಡು ತಿಂಗಳು ಹಗಲೂ ರಾತ್ರಿ ಕೆಲಸ ಮಾಡಿದೆ, ಒಂದು ರೂಪಾಯಿ ಬರಲಿಲ್ಲ. ಮನೆಯವಳ ಬಳೆ ಅಡ ಇಟ್ಟಿದ್ದು ಆಗಲೇ.

ಆಮೇಲೆ ವರ್ಷಕ್ಕೆ 6,000 ಅಂತ ಮಾಡಿದೆ. ಐದು ಜನ ಹಳಬರು ಬಿಟ್ಟು ಹೋದರು. ಉಳಿದವರು ಗೊಣಗಿಕೊಂಡೇ ಕೊಟ್ಟರು. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಮತ್ತೆ ಬದಲಾಯಿತು. ಸಿಮೆಂಟ್ ಮೇಲಿನ ತೆರಿಗೆ 28 ಪರ್ಸೆಂಟಿನಿಂದ 18ಕ್ಕೆ ಇಳಿಯಿತು. ಸಿದ್ಧ ಉಡುಪಿನಲ್ಲಿ 5 ಪರ್ಸೆಂಟ್ ತೆರಿಗೆ ಬೀಳುವ ಬೆಲೆಯ ಮಿತಿ ಒಂದಕ್ಕೆ 1,000ದಿಂದ 2,500 ರೂಪಾಯಿಗೆ ಏರಿತು. ಮತ್ತೆ ಅದೇ ಥರ ಫೋನು, ಅದೇ ಗಡಿಬಿಡಿ. ಆದರೆ ಆ ಕೆಲಸದ ದುಡ್ಡು ಆಗಲೇ ನನ್ನ ಖಾತೆಯಲ್ಲಿತ್ತು. ಸಮಾಧಾನದಿಂದ ಮಾಡಿ ಕೊಟ್ಟೆ.

ಇನ್ನೊಂದು ವಿಷಯ. ಕೋಡ್ ಬರೆಯುವ ಮುಂಚೆ ಗಲ್ಲಾ ಪಕ್ಕ ಕೂತುಕೊಳ್ಳಿ. ಮೆಕ್ಕೆಜೋಳದ ಸೀಸನ್‌ನಲ್ಲಿ ಒಂದು ದಲಾಲಿ ಅಂಗಡಿಯಲ್ಲಿ ನಾಲ್ಕು ದಿನ ಕೂತಿದ್ದೆ. ಗುಮಾಸ್ತರ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ತೂಕದ ಚೀಟಿ. ಮೌಸ್ ಮುಟ್ಟೋಕೆ ಮೂರನೇ ಕೈ ಎಲ್ಲಿಂದ ಬರಬೇಕು? ಎಲ್ಲವನ್ನೂ ನಂಬರ್ ಕೀ, ಎಂಟರ್ ಕೀ ಎರಡರಲ್ಲೇ ಮುಗಿಯುವ ಹಾಗೆ ಬದಲಾಯಿಸಿದೆ.

ಅಲ್ಲೇ ಇನ್ನೊಂದು ನೋಡಿದೆ. ಸಣ್ಣ ಥರ್ಮಲ್ ಪ್ರಿಂಟರ್‌ನಲ್ಲಿ ರೈತರ ಹೆಸರು ಕನ್ನಡದಲ್ಲಿ ಬರುತ್ತಿರಲಿಲ್ಲ. 'ಹನುಮಂತಪ್ಪ' ಅಂತ ಹಾಕಿದರೆ ಬರೀ ಚೌಕಗಳು. ಆ ಪ್ರಿಂಟರ್‌ಗಳಲ್ಲಿ ಸಾಮಾನ್ಯವಾಗಿ ಕನ್ನಡ ಅಕ್ಷರಗಳೇ ಇರಲ್ಲ, ಒತ್ತಕ್ಷರವಂತೂ ದೂರದ ಮಾತು. ಕೊನೆಗೆ ಇಡೀ ಚೀಟಿಯನ್ನು ಚಿತ್ರ ಮಾಡಿ ಪ್ರಿಂಟರ್‌ಗೆ ಕಳಿಸಿದೆ. ಸ್ವಲ್ಪ ನಿಧಾನ, ಆದರೆ ಅಕ್ಷರ ಸರಿಯಾಗಿ ಬಂತು. ಒಬ್ಬ ಅಜ್ಜ ಚೀಟಿ ಹಿಡಿದು ತನ್ನ ಹೆಸರು, ಚೀಲದ ಲೆಕ್ಕ, ಹಮಾಲಿ ಎಲ್ಲಾ ಜೋರಾಗಿ ಓದಿಕೊಂಡರು. ಆ ಅಂಗಡಿ ಸಾಹುಕಾರರೇ ಪಕ್ಕದ ಮೂರು ಅಂಗಡಿಗೆ ನನ್ನನ್ನು ಕರೆದುಕೊಂಡು ಹೋದರು. ಜಾಹೀರಾತಿಗೆ ನಾನು ಈವರೆಗೆ ಖರ್ಚು ಮಾಡಿಲ್ಲ.

ಚಳ್ಳಕೆರೆಯಿಂದ:
ಎಣ್ಣೆ ಮಿಲ್ಲುಗಳಿಗೆ ಸ್ಟಾಕ್ ಲೆಕ್ಕದ ಸಾಫ್ಟ್‌ವೇರ್ ಮಾಡಿದ್ದೆವು, ನಾನು ಮತ್ತು ನನ್ನ ಗೆಳೆಯ. ವ್ಯವಹಾರ ಚೆನ್ನಾಗೇ ಇತ್ತು. ಅವನು ಬೇರೆ ಕೆಲಸ ಹಿಡಿದು ಹೊರಟಾಗ ಕೋಡ್ ಯಾರದ್ದು, ಗಿರಾಕಿಗಳು ಯಾರಿಗೆ ಅಂತ ಜಗಳ ಬಂತು. ಒಟ್ಟಿಗೆ ಓದಿದವರು, ಈಗ ಮಾತಿಲ್ಲ. ಜೊತೆಗೆ ಯಾರನ್ನಾದರೂ ಸೇರಿಸಿಕೊಳ್ಳುವುದಾದರೆ ಮೊದಲೇ ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಮಾಡಿ. ನಂಬಿಕೆ ಇದೆ ಅಂತ ಬಿಡಬೇಡಿ.

ಚಿತ್ರದುರ್ಗದಿಂದ:
ನನ್ನದು ಬೇರೆ ದಾರಿ. ಮನೆಯಿಂದಲೇ ಆನ್‌ಲೈನ್ ಅಂಗಡಿಗಳಿಗೆ ಒಂದು ಚಿಕ್ಕ ಪ್ಲಗಿನ್ (ಅವರ ಜಾಲತಾಣಕ್ಕೆ ಸೇರಿಸಿಕೊಳ್ಳುವ ಸಾಫ್ಟ್‌ವೇರ್) ಮಾಡಿ ಮಾರುತ್ತೇನೆ, ಗಿರಾಕಿಗಳು ಜಾಸ್ತಿ ಹೊರದೇಶದವರು. ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯ ಅಲ್ಲ. ನೋಂದಣಿ ಆದ ಮೇಲೆ ಪ್ರತಿ ಆರ್ಥಿಕ ವರ್ಷಕ್ಕೂ ಎಲ್‌ಯುಟಿ (ರಫ್ತು ಮಾಡುವವರು ಜಿಎಸ್‌ಟಿ ಇಲಾಖೆಗೆ ಬರೆದುಕೊಡುವ ಮುಚ್ಚಳಿಕೆ) ಸಲ್ಲಿಸಿ, ಆಗ ತೆರಿಗೆ ಕಟ್ಟದೆ ಹೊರದೇಶಕ್ಕೆ ಬಿಲ್ ಮಾಡಬಹುದು. ಒಂದು ವರ್ಷ ಅದನ್ನು ಮರೆತು ತುಂಬಾ ಒದ್ದಾಡಿದೆ.

ಸಣ್ಣ ಉದ್ದಿಮೆಗಳಿಗೆ ಇರುವ ಉದ್ಯಮ್ ನೋಂದಣಿಯನ್ನು ಸರ್ಕಾರದ ಜಾಲತಾಣದಲ್ಲಿ ನೀವೇ ಮಾಡಿಕೊಳ್ಳಿ, ಪೂರ್ತಿ ಉಚಿತ. ಮಾಡಿಕೊಡುತ್ತೇನೆ ಅಂತ ಒಬ್ಬರು ನನ್ನಿಂದ 2,500 ತಗೊಂಡಿದ್ದರು. ಆ ನೋಂದಣಿ ಇದ್ದರೆ, ಒಪ್ಪಂದದಲ್ಲಿ ಏನೇ ಬರೆದಿದ್ದರೂ ನಮ್ಮ ದೇಶದಲ್ಲಿ ಕೊಂಡವರು 45 ದಿನದ ಒಳಗೆ ದುಡ್ಡು ಕೊಡಬೇಕು ಅಂತ ಕಾನೂನಿದೆ. ಜಗಳ ಮಾಡೋಕಲ್ಲ, ಬಿಲ್ಲಿನ ಕೆಳಗೆ ಒಂದು ಸಾಲು ಬರೆದರೆ ಸಾಕು, ದೊಡ್ಡ ಗಿರಾಕಿಗಳು ಬೇಗ ಕೊಡುತ್ತಾರೆ.

ಕೇಳಿದವರು:
ತುಂಬಾ ಉಪಕಾರ ಆಯಿತು. ದಾವಣಗೆರೆ ಸರ್, ಇನ್ನೊಂದೇ ಪ್ರಶ್ನೆ. ಕೆಲಸ ಈಗಲೇ ಬಿಡಲಾ?

ದಾವಣಗೆರೆಯಿಂದ:
ಈಗ ಬೇಡ. 4 ಲಕ್ಷ ಅಂದರೆ ಮನೆ ಖರ್ಚು ತಿಂಗಳಿಗೆ 25,000 ಇಟ್ಟರೂ 16 ತಿಂಗಳು. ಅಷ್ಟರಲ್ಲಿ ಒಂದು ಆಸ್ಪತ್ರೆ ಖರ್ಚು ಬಂದರೆ ವರ್ಷಕ್ಕೇ ಮುಗಿಯಿತು. ಶನಿವಾರ, ಭಾನುವಾರ ಬಂದು ಐದು ಅಂಗಡಿ ಹಿಡಿಯಿರಿ. ಹೊಸಬರು ಕೊಳ್ಳುವುದನ್ನು ನೋಡಿ ಖುಷಿ ಪಡಬೇಡಿ. ಆ ಐವರಲ್ಲಿ ನಾಲ್ಕು ಜನ ಎರಡನೇ ವರ್ಷದ ದುಡ್ಡು ಕೊಟ್ಟರೆ ಆಗ ರಾಜೀನಾಮೆ ಬರೆಯಿರಿ. ಮನೆಯವರನ್ನೂ ಕೂರಿಸಿಕೊಂಡು ಈ ಲೆಕ್ಕ ಹಾಕಿ. ನಾನು ಹಾಗೆ ಹಾಕಿದ್ದರೆ ಆ ಬಳೆ ಅಡ ಇಡುವ ಮುಂಚೆ ಅವಳೇ ತಡೆಯುತ್ತಿದ್ದಳು.

ಮುಂದಿನ ಸಲ ಊರಿಗೆ ಬಂದಾಗ ಒಂದು ದಿನ ಜಾಸ್ತಿ ರಜೆ ಹಾಕಿ. ಸೋಮವಾರ ಬೆಳಿಗ್ಗೆ ಎಪಿಎಂಸಿ ಯಾರ್ಡಿಗೆ ಕರೆದುಕೊಂಡು ಹೋಗುತ್ತೇನೆ. ಲ್ಯಾಪ್‌ಟಾಪ್ ಬೇಡ, ಒಂದು ನೋಟ್‌ಬುಕ್ ಸಾಕು.