ಮಾರ್ವಾಡಿ ಕುದುರೆಗೆ ಅಳತೆ ಕೊಟ್ಟು ಜೀನು ಮಾಡಿಸಬೇಕೇ?

ಸಿದ್ದಾಪುರದ ಸವಾರ:
ನಮ್ಮ ಮಾರ್ವಾಡಿ ಹೆಣ್ಣು ಕುದುರೆಗೆ ಈಗ ಐದು ವರ್ಷ. ಹೆಗಲ ದಿಬ್ಬ ಎತ್ತರ, ಬೆನ್ನು ಕಿರಿದು, ಎಡ ಭುಜ ಬಲಕ್ಕಿಂತ ತುಸು ತುಂಬಿಕೊಂಡಿದೆ. ಸಿದ್ಧ ಜೀನು ಹಾಕಿದರೆ ಮುಂಭಾಗ ಕುಸಿದು ದಿಬ್ಬಕ್ಕೆ ತಾಗುತ್ತದೆ. ತೋಟದ ದಾರಿಯಲ್ಲಿ ಸುತ್ತಿ ಬಂದು ಜೀನು ಇಳಿಸಿದರೆ ಬೆನ್ನೆಲ್ಲ ಬೆವತಿದ್ದರೂ ದಿಬ್ಬದ ಪಕ್ಕದಲ್ಲಿ ಅಂಗೈ ಅಗಲದ ಜಾಗ ಒಣಗಿರುತ್ತದೆ. ಈಗ ಅಲ್ಲೇ ಬಿಳಿ ಕೂದಲು ಮೂಡಿದೆ. ಹೊಟ್ಟೆಪಟ್ಟಿ ಬಿಗಿಯಲು ಹೋದರೆ ಕಿವಿ ಹಿಂದಕ್ಕೆ ಮಡಚಿ ನನ್ನ ತೋಳಿಗೆ ಬಾಯಿ ಹಾಕುತ್ತಾಳೆ. ಇಷ್ಟು ಸಾಧು ಪ್ರಾಣಿ ಹೀಗೆ ಮಾಡುವುದನ್ನು ನೋಡಲಾಗುತ್ತಿಲ್ಲ.

ಕಾನ್ಪುರದ ಒಬ್ಬ ತಯಾರಕರು ಅಳತೆ ಕಳಿಸಿದರೆ ಇವಳಿಗೆಂದೇ ಚರ್ಮದ ಜೀನು ಹೊಲಿದು ಕೊಡುತ್ತೇವೆ ಎನ್ನುತ್ತಾರೆ. ಈ ಸಲದ ಮೆಣಸಿನ ಹಣದ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಹಣಕ್ಕೆ ಹಿಂಜರಿಯುತ್ತಿಲ್ಲ, ಅವಳ ನೋವು ಹೋಗುತ್ತದೆಯೇ ಎಂಬುದಷ್ಟೇ ಪ್ರಶ್ನೆ.

ಪಶುವೈದ್ಯ, ಮಡಿಕೇರಿ:
ಮೊದಲು ಆ ಜೀನನ್ನು ಹಾಕುವುದು ನಿಲ್ಲಿಸಿ. ಒಣ ಜಾಗವೊಂದೇ ಆಗಿದ್ದರೆ ಅಲ್ಲಿ ಜೀನು ತಾಗುತ್ತಲೇ ಇಲ್ಲ ಎಂದೂ ಅರ್ಥವಾಗಬಹುದಿತ್ತು. ಬಿಳಿ ಕೂದಲೂ ಇರುವುದರಿಂದ ಒತ್ತಡಕ್ಕೆ ಕೂದಲಿನ ಬುಡ ಪೆಟ್ಟು ತಿಂದಿದೆ ಎನ್ನಬೇಕಾಗುತ್ತದೆ. ಹೊಟ್ಟೆಪಟ್ಟಿಗೆ ಸಿಡುಕುವುದಕ್ಕೆ ಹೊಟ್ಟೆಯ ಹುಣ್ಣೂ ಕಾರಣವಿರಬಹುದು. ಬೆನ್ನು, ಹೊಟ್ಟೆ ಎರಡನ್ನೂ ಪರೀಕ್ಷೆ ಮಾಡಿಸದೆ ಯಾವ ಜೀನನ್ನೂ ಕೊಳ್ಳಬೇಡಿ.

ಪೊನ್ನಂಪೇಟೆಯಿಂದ:
ಈ ವರ್ಷ ಮಾಡಿಸಬೇಡಿ. ನಾನು ಇದನ್ನು ಒತ್ತಿ ಹೇಳುತ್ತೇನೆ.

ಕುದುರೆಯ ಬೆನ್ನುಮೂಳೆ ಬಲಿಯುವುದು ಕಾಲಿನ ಮೂಳೆಗಳಿಗಿಂತ ತಡ; ಐದು ವರ್ಷಕ್ಕೆ ಅವಳ ಮೈಕಟ್ಟು ಇನ್ನೂ ಬದಲಾಗುತ್ತಿರುತ್ತದೆ. ಅದಕ್ಕಿಂತ ದೊಡ್ಡ ಮಾತು ನಮ್ಮ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಾರುವ ದಾರಿಯಲ್ಲಿ ಯಾರು ಸವಾರಿ ಮಾಡುತ್ತಾರೆ? ಲಾಯದಲ್ಲಿ ನಿಂತ ಕುದುರೆಯ ಬೆನ್ನಿನ ಸ್ನಾಯು ಕರಗುತ್ತದೆ. ಈಗ ಮೈ ತುಂಬಿರುವಾಗ ಅಳತೆ ಕೊಟ್ಟ ಜೀನು ಅಕ್ಟೋಬರ್‌ನಲ್ಲಿ ಅದೇ ಬೆನ್ನಿನ ಮೇಲೆ ಮತ್ತೆ ಮುಂದಕ್ಕೆ ಕುಸಿಯುತ್ತದೆ. ಬಯಲುಸೀಮೆಯ ಸವಾರರ ಸಲಹೆಯನ್ನು ಇಲ್ಲಿಗೆ ಹಾಗೇ ತರಲಾಗುವುದಿಲ್ಲ. ಚರ್ಮಕ್ಕೆ ಬೂಷ್ಟು ಹಿಡಿಯುವ ಗೋಳು ಬೇರೆ.

ನೀವೇ ಅಳತೆ ಇಟ್ಟುಕೊಳ್ಳಿ. ಸಮನೆಲದಲ್ಲಿ ನಿಲ್ಲಿಸಿ, ಭುಜದ ಎಲುಬಿನ ಹಿಂದೆ ಎರಡು ಬೆರಳು ಬಿಟ್ಟು, ದಿಬ್ಬದ ಮೇಲಿಂದ ಎರಡೂ ಪಕ್ಕಕ್ಕೆ ದಪ್ಪ ತಂತಿಯನ್ನು ಒತ್ತಿ ಬಗ್ಗಿಸಿ. ಆಕಾರ ಕೆಡದಂತೆ ಎತ್ತಿ ರಟ್ಟಿನ ಮೇಲಿಟ್ಟು ಗೆರೆ ಎಳೆದು ತಾರೀಕು ಬರೆಯಿರಿ. ಈಗೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ, ಕಾಫಿ ಕೊಯ್ಲಿನ ಹೊತ್ತಿಗೊಮ್ಮೆ. ಮೂರು ಗೆರೆಗಳ ನಡುವಿನ ಅಂತರ ನೋಡಿದರೆ ನಿಮಗೇ ತಿಳಿಯುತ್ತದೆ. ಅಲ್ಲಿಯವರೆಗೆ ಮುಂಭಾಗದ ಕಬ್ಬಿಣದ ಕಮಾನು ಬದಲಿಸಬಹುದಾದ ಸಿಂಥೆಟಿಕ್ ಜೀನು ಸಾಕು. ವಿಂಟೆಕ್ ಕಂಪನಿಯಂಥವು ಹಳೆಯವೂ ಸಿಗುತ್ತವೆ, ಬೂಷ್ಟು ಬಂದರೆ ಒರೆಸಿದರಾಯಿತು.

ಬೆಂಗಳೂರಿನಲ್ಲಿರುವ ಕೊಡಗಿನವನು:
ಪೊನ್ನಂಪೇಟೆಯವರ ಮಾತಿಗೆ ಪೂರ್ತಿ ಒಪ್ಪಿಗೆಯಿಲ್ಲ. ಉಣ್ಣೆ ತುಂಬಿದ ಜೀನಾದರೆ ಸಣ್ಣ ವ್ಯತ್ಯಾಸಕ್ಕೆ ಉಣ್ಣೆ ತೆಗೆದು, ಸೇರಿಸಿ ಹೊಂದಿಸಬಹುದು. ಆದರೆ ಆ ಕೆಲಸ ಬಲ್ಲವರು ವರ್ಷಕ್ಕೊಮ್ಮೆಯಾದರೂ ಸಿದ್ದಾಪುರಕ್ಕೆ ಬರಬೇಕು. ಕಾನ್ಪುರದವರು ಬರುತ್ತಾರೆಯೇ? ಇಲ್ಲವೆಂದರೆ ಕಾಗದದ ಮೇಲಿನ ಅಳತೆಗೆ ಅಷ್ಟು ಹಣ ಸುರಿಯಬೇಡಿ. ಒಳಚೌಕಟ್ಟು ತಪ್ಪಿದರೆ ಉಣ್ಣೆ ಅದನ್ನು ಸರಿಪಡಿಸದು.

ಇನ್ನೊಂದು, ಭುಜಗಳ ಏರುಪೇರನ್ನು ಚೌಕಟ್ಟಿನಲ್ಲೇ ಸೇರಿಸಿ ಮಾಡಿಸಬೇಡಿ. ದೊಡ್ಡ ಭುಜಕ್ಕೆ ಜಾಗ ಬಿಟ್ಟು, ಬಲಗಡೆ ಜೀನಿನಡಿ ತೆಳುವಾದ ಪ್ಯಾಡ್ ಕೊಡಿ. ಬಲ ಭುಜ ತುಂಬಿಕೊಂಡಂತೆ ಪ್ಯಾಡ್ ತೆಗೆದುಬಿಡಬಹುದು.

ಸಿದ್ದಾಪುರದ ಸವಾರ:
ಎಲ್ಲರಿಗೂ ಧನ್ಯವಾದ. ಕಾನ್ಪುರಕ್ಕೆ ಫೋನ್ ಮಾಡಿದೆ. ಇಲ್ಲಿಗೆ ಬರಲಾಗದು, ಅಳತೆ ಮತ್ತು ಫೋಟೊ ಸಾಕು ಎಂದರು. ಮುಂಗಡ ಕಳಿಸುವುದಿಲ್ಲ. ಇಂದು ತಂತಿಯಿಂದ ಮೊದಲ ಗೆರೆ ಎಳೆದೆ: ಎಡಗಡೆಯ ಉಬ್ಬು ನಾನು ಅಂದುಕೊಂಡಿದ್ದಕ್ಕಿಂತ ಹೆಚ್ಚಿದೆ. ವೈದ್ಯರು ನೋಡುವವರೆಗೆ ಬರೀ ಹಗ್ಗ ಹಿಡಿದು ನಡೆಸುತ್ತೇನೆ. ಕಮಾನು ಬದಲಿಸುವ ಹಳೆಯ ಜೀನು ಕುಶಾಲನಗರ, ಮೈಸೂರು ಕಡೆ ಯಾರಲ್ಲಾದರೂ ಇದ್ದರೆ ತಿಳಿಸಿ. ಕೊಳ್ಳುವ ಮುಂಚೆ ಅವಳ ಬೆನ್ನಿಗಿಟ್ಟು ನೋಡಲು ಒಪ್ಪಬೇಕು.