'ಟೆರೇಸ್ ಹೌಸ್' ತಾರಸಿ ಮನೆಯಲ್ಲ, ಮತ್ತೇನು?

ಎಲ್ಲರಿಗೂ ನಮಸ್ಕಾರ. ಒಂದು ಪದಕ್ಕೆ ಸಿಕ್ಕಿಹಾಕಿಕೊಂಡಿದ್ದೇನೆ, ಸ್ವಲ್ಪ ಬಿಡಿಸಿ.

ಇಂಗ್ಲೆಂಡಿನ ಬಾತ್ ಊರಿನಲ್ಲಿ (ಖಾರಾಬಾತ್ ಅಲ್ಲ) ರಾಯಲ್ ಕ್ರೆಸೆಂಟ್ ಎಂಬ ಮನೆಸಾಲಿದೆ. ಅದರ 1ನೇ ನಂಬರಿನ ಮನೆ ಈಗ ಮ್ಯೂಸಿಯಂ. ಅದರ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತೆ. 'ಜಾರ್ಜಿಯನ್' ಎನ್ನುವುದನ್ನು ಹಾಗೇ ಇಟ್ಟುಕೊಂಡೆ. ಜಾರ್ಜಿಯಾ ದೇಶಕ್ಕೂ ಅದಕ್ಕೂ ಸಂಬಂಧವಿಲ್ಲ, 1714ರಿಂದ 1830ರವರೆಗೆ ಒಬ್ಬರಾದ ಮೇಲೊಬ್ಬರು ಆಳಿದ ನಾಲ್ವರು ಜಾರ್ಜ್ ದೊರೆಗಳ ಕಾಲದ್ದು ಅಂತ ಒಂದು ಸಾಲು ಸೇರಿಸಿದರೆ ಮುಗಿಯಿತು. ತೊಡಕಾದದ್ದು 'ಟೆರೇಸ್ ಹೌಸ್'.

ಮೊದಲು ಸುಮ್ನೆ 'ತಾರಸಿ ಮನೆ' ಎಂದು ಬರೆದಿದ್ದೆ. ಓದಿದ ಅಕ್ಕ, 'ಆಗಲೇ ಆರ್‌ಸಿಸಿ ಇತ್ತೇನೋ?' ಎಂದಳು. ನಮಗೆ ತಾರಸಿ ಅಂದರೆ ಹಪ್ಪಳ ಒಣಗಿಸುವ ಜಾಗ, ಹೆಂಚಿಲ್ಲದ ಮನೆ. ಅಲ್ಲಿಯದೋ ಇಳಿಜಾರು ಮಾಡು, ಮೇಲೆ ತೆಳುಗಲ್ಲಿನ ಹೊದಿಕೆ. ಇಂಗ್ಲಿಷಿನಲ್ಲಿ ಟೆರೇಸ್ ಅಂದರೆ ಮೊದಲು ಎತ್ತರಿಸಿ ಸಮಮಾಡಿದ ನೆಲ, ಆಮೇಲೆ ಅಂಥ ನೆಲದ ಮೇಲೆ ಸಾಲಾಗಿ ಕಟ್ಟಿದ ಮನೆಗಳು, ಕೊನೆಗೆ ನೆಲದ ಅರ್ಥ ಕಳಚಿಹೋಗಿ ಬರೀ ಗೋಡೆಗೆ ಗೋಡೆ ಅಂಟಿದ ಸಾಲು.

ರಾಯಲ್ ಕ್ರೆಸೆಂಟಿನ ಸಾಲು ಸಾಮಾನ್ಯದ್ದಲ್ಲ. ವಾಸ್ತುಶಿಲ್ಪಿ ಕಿರಿಯ ಜಾನ್ ವುಡ್ 1767ರಿಂದ 1774ರವರೆಗೆ ಕಟ್ಟಿಸಿದ್ದು. 30 ಮನೆ, ಬಿದಿಗೆ ಚಂದ್ರನ ಹಾಗೆ ಬಾಗಿದ ಮುಖ, ಅದರುದ್ದಕ್ಕೂ 114 ಕಂಬ. ಎದುರಿಗೆ ನಿಂತರೆ ಒಂದೇ ಅರಮನೆ ಅನ್ನಿಸುತ್ತದೆ. ಆದರೆ ವುಡ್ ಗೆರೆ ಹಾಕಿಕೊಟ್ಟದ್ದು ಮುಂಭಾಗಕ್ಕೆ ಮಾತ್ರ! ಕೊಂಡವರು ತಮ್ಮ ಪಾಲಿಗೆ ಬಂದಷ್ಟು ಉದ್ದದ ಮುಖವನ್ನು ಅವನು ಹೇಳಿದಂತೆ ಉಳಿಸಿಕೊಂಡು ಹಿಂದೆ ತಮ್ಮದೇ ಮೇಸ್ತ್ರಿ ಹಿಡಿದು ಬೇಕಾದ ಹಾಗೆ ಕಟ್ಟಿಕೊಂಡರು. ಹಿತ್ತಲ ಕಡೆ ಹೋಗಿ ನೋಡಿದರೆ ಒಂದು ಮುಂದೆ ಚಾಚಿದೆ, ಒಂದು ಒಳಸರಿದಿದೆ, ಒಂದರ ಎತ್ತರ ಇನ್ನೊಂದಕ್ಕಿಲ್ಲ. ನನಗಂತೂ ಮುಂದಿನದಕ್ಕಿಂತ ಹಿಂದಿನದೇ ಇಷ್ಟ.

ಇದಕ್ಕೆ ಏನನ್ನೋಣ? ವಠಾರ ಒಪ್ಪುವುದಿಲ್ಲ. ವಠಾರಕ್ಕೆ ಒಬ್ಬ ಮಾಲೀಕ, ಒಂದು ನಲ್ಲಿ, ಒಂದು ಜಗಳ. ಸಾಲುಮನೆ ಹತ್ತಿರ ಬರುತ್ತದೆ, ಆದರೆ ಯಾಕೋ ನನ್ನ ಕಿವಿಗೆ ಕೂಲಿ ಲೈನಿನ ಹಾಗೆ ಕೇಳುತ್ತದೆ. ಇಲ್ಲಿದ್ದವರು ಬಿಸಿನೀರಿನ ಬುಗ್ಗೆಗೆ, ಇಸ್ಪೀಟಿಗೆ, ಕುಣಿತಕ್ಕೆ ಅಂತ ಬಂದು ಇಳಿಯುತ್ತಿದ್ದ ದುಡ್ಡಿನವರು. ಅಗ್ರಹಾರದ ಬೀದಿಗಳಲ್ಲಿ ಮನೆಗಳು ಹೀಗೇ ಒತ್ತಿಕೊಂಡಿರುತ್ತವೆ ನಿಜ, ಆದರೆ ಆ ಪದದ ಜೊತೆ ಜಾತಿಯೂ ಬಂದುಬಿಡುತ್ತದೆ. ಎರಡು ಮನೆಗೂ ಸೇರಿದ ನಡುಗೋಡೆಗೆ 'ಕೂಡುಗೋಡೆ' ಎಂದು ಹೊಸೆದುಕೊಂಡು, ಅದರಿಂದ 'ಕೂಡುಗೋಡೆ ಮನೆ' ಮಾಡಿದ್ದೇನೆ. ಹೊಂದುತ್ತದಾ?

ಇನ್ನೆರಡು ಚಿಲ್ಲರೆ ತೊಂದರೆ. ರಸ್ತೆಗೂ ಮನೆಗೂ ನಡುವೆ ನೆಲಮಾಳಿಗೆಯ ಅಡುಗೆಮನೆಗೆ ಬೆಳಕು ಬರಲಿ ಅಂತ ಅಗೆದುಬಿಟ್ಟ ತಗ್ಗು ಇರುತ್ತದೆ. ಆಳುಗಳು ಓಡಾಡುವುದೂ, ರಸ್ತೆಯಡಿಯ ಕಲ್ಲಿದ್ದಲ ಗೂಡಿಗೆ ದಾರಿಯೂ ಅಲ್ಲೇ. ಅದರ ಇಂಗ್ಲಿಷ್ ಹೆಸರು 'ಏರಿಯಾ'! ನಮ್ಮಲ್ಲಿ ಏರಿಯಾ ಅಂದರೆ ಬಡಾವಣೆ. 'ತಗ್ಗಂಗಳ' ಅಂದೆ. ಬಾಗಿಲ ಮೇಲೆ ಬೀಸಣಿಗೆಯಂತೆ ಬಿಚ್ಚಿಕೊಂಡ ಗಾಜಿಗೆ 'ಫ್ಯಾನ್‌ಲೈಟ್'. ಹಾಗೇ ಬಿಟ್ಟರೆ ಓದುವವರು ಸೀಲಿಂಗ್ ಫ್ಯಾನಿಗೆ ಬಲ್ಬು ಹಾಕುತ್ತಾರೆ, ಅಲ್ವಾ? ಅದು 'ಬೀಸಣಿಗೆ ಕಿಟಕಿ' ಆಯಿತು.

'ಆಟಿಕ್' ಒಂದೇ ತಂಟೆ ಮಾಡದ್ದು. ನಮ್ಮ ಅಟ್ಟಕ್ಕೂ ಅದಕ್ಕೂ ನೆಂಟಸ್ತಿಕೆ ಇಲ್ಲ, ಅದು ಗ್ರೀಸಿನ ಆಟಿಕಾ ಸೀಮೆಯಿಂದ ಬಂದದ್ದು, ಆದರೂ ಅಟ್ಟ ಅಂತಲೇ ಕಣ್ಣುಮುಚ್ಚಿ ಬರೆದೆ.

ಮುಖ್ಯವಾಗಿ ಆ ಗೋಡೆ. ಅಕ್ಕಪಕ್ಕದ ಮನೆಯವರಿಬ್ಬರಿಗೂ ಸೇರಿದ ಗೋಡೆಗೆ ನಿಮ್ಮ ಕಡೆ, ಹಳೇ ಕ್ರಯಪತ್ರಗಳಲ್ಲಾಗಲಿ ಗಾರೆ ಕೆಲಸದವರ ಬಾಯಲ್ಲಾಗಲಿ, ಬೇರೆ ಹೆಸರಿದ್ದರೆ ಹೇಳಿ. ಇದ್ದರೆ ನಾನು ಹೊಸೆದದ್ದನ್ನು ಕೈಬಿಡುತ್ತೇನೆ.