‘ಯಾಕೆ’ ಅಂದರೆ ಕ್ಲಾಸೇ ಸ್ತಬ್ಧ: ಹತ್ತನೇ ತರಗತಿಗೆ ಏನು ಮಾಡಬಹುದು?

ಶಿಕ್ಷಕಿ, ಸೋಮವಾರಪೇಟೆ ಕಡೆ
ವಿಜ್ಞಾನ, 40 ನಿಮಿಷದ ಪೀರಿಯಡ್. ಪರಾಗಸ್ಪರ್ಶ ಎಂದರೇನು ಅಂದರೆ ಗೈಡಿನ ವಾಕ್ಯ ಗಿಣಿಪಾಠವಾಗಿ ಬರುತ್ತದೆ. ‘ಯಾಕೆ’ ಅಂದರೆ ಮುಂದಿನ ಬೆಂಚಿನ ಇಬ್ಬರದೇ ಕೈ. ಉಳಿದವರನ್ನು ಯೋಚನೆಗೆ ಹಚ್ಚುವುದು ಹೇಗೆ?

ಜೀವಶಾಸ್ತ್ರ, ವಿರಾಜಪೇಟೆ
ಮೇಡಂ, ಗೈಡಿನಲ್ಲಿರುವ ಪ್ರಶ್ನೆಗೆ ಗೈಡಿನ ಉತ್ತರವೇ ಬರೋದು. ಬೋರ್ಡಿನಲ್ಲಿ ಹೀಗೆ ಬರೆಯಿರಿ: ‘ರೋಬಸ್ಟಾ, ಅರೇಬಿಕಾ ಕಾಫಿ ಎರಡೂ ಅರಳಿ ನಿಂತ ಬೆಳಗ್ಗೆ ಜೋರು ಮಳೆ ಬಂತು. ಯಾವ ತೋಟದವರಿಗೆ ಹೆಚ್ಚು ಚಿಂತೆ? ಯಾಕೆ?’

ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ, ರೋಬಸ್ಟಾಕ್ಕೆ ಬೇರೆ ಗಿಡದ ಪರಾಗವನ್ನು ಗಾಳಿಯೋ ಜೇನೋ ತರಬೇಕು. ಇಷ್ಟನ್ನು ಮೊದಲೇ ಹೇಳಿಬಿಡಿ. ಮಾಹಿತಿ ಬಚ್ಚಿಟ್ಟರೆ ಮಕ್ಕಳು ಬರೀ ಊಹಿಸುತ್ತಾರೆ.

2 ನಿಮಿಷ ಒಬ್ಬೊಬ್ಬರೇ ಬರೆಯಲಿ, 4 ನಿಮಿಷ ಜೋಡಿಯಲ್ಲಿ ಮಾತಾಡಲಿ, ಆಮೇಲೆ 10 ನಿಮಿಷ ಇಡೀ ಕ್ಲಾಸ್. ಬರೆಸದೆ ಜೋಡಿಗೆ ಬಿಟ್ಟರೆ ಬಾಯಿ ಜೋರಿರುವವನ ಉತ್ತರವೇ ಇಬ್ಬರದೂ ಆಗುತ್ತದೆ. ಜೋಡಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ ಯಾವುದಾದರೂ ಸರಿ. ಇಡೀ ಕ್ಲಾಸಿಗೆ ಹೇಳುವಾಗ ಕನ್ನಡ ಬಳಸಿದರೆ ಸಾಕು.

ಸರಿಯುತ್ತರಕ್ಕೆ ತಕ್ಷಣ ‘ಗುಡ್’ ಅನ್ನಬೇಡಿ, ಅಲ್ಲಿಗೆ ಉಳಿದವರ ತಲೆ ಆಫ್. ‘ಇದಕ್ಕೆ ಯಾರದ್ದಾದರೂ ತಕರಾರಿದೆಯಾ?’ ಅನ್ನಿ. ಕೊನೆಗೊಂದು ತಿರುವು: ‘ಇಡೀ ತೋಟದಲ್ಲಿ ಒಂದೇ ತಾಯಿಗಿಡದ ತುಂಡುಗಳಿಂದ ಬೆಳೆಸಿದ ರೋಬಸ್ಟಾ ಇದ್ದರೆ?’ ನಿಜವಾದ ಚರ್ಚೆ ಶುರುವಾಗೋದೇ ಇಲ್ಲಿ.

ಹೈಸ್ಕೂಲ್ ಮೇಷ್ಟ್ರು, ಮಡಿಕೇರಿ
ಮೇಲಿನವರು ಹೇಳಿದ್ದಕ್ಕೆ ಒಂದು ಸೇರ್ಪಡೆ: ಕಾಯುವುದು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಸುಮಾರು 1 ಸೆಕೆಂಡ್ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದರು. ಅದನ್ನು 3 ಸೆಕೆಂಡ್ ದಾಟಿಸಿದಾಗ ಉತ್ತರಗಳು ಉದ್ದವಾದವು, ಬಾಯೇ ಬಿಡದವರು ಕಡಿಮೆಯಾದರು. ಮನಸ್ಸಿನಲ್ಲೇ ಐದು ಎಣಿಸಿ. ಮಗು ಉತ್ತರ ಹೇಳಿದ ಮೇಲೂ ಅಷ್ಟೇ ಕಾಯಿರಿ. ಬಹಳ ಸಲ ‘ಯಾಕಂದ್ರೆ’ ಬರುವುದು ಆಗಲೇ. ಆ ಮೌನದಲ್ಲಿ ಸುಳಿವು ಕೊಡುವ ಚಪಲ ಬೇಡ.

ಸಮಾಜ ವಿಜ್ಞಾನ, ಕುಶಾಲನಗರ
ನಮ್ಮ ವಿಷಯಕ್ಕೂ ಇದು ಒಗ್ಗುತ್ತದೆ. ತಲಕಾವೇರಿಗೆ ಪಶ್ಚಿಮದ ಕಡಲು ಹತ್ತಿರ, ಆದರೂ ಕಾವೇರಿ ಪೂರ್ವಕ್ಕೆ ಸುಮಾರು 800 ಕಿ.ಮೀ. ಹರಿಯುವುದೇಕೆ? ‘ಇಳಿಜಾರು’ ಅಂತ ಒಂದೇ ಪದದಲ್ಲಿ ಮುಗಿಸುತ್ತಾರೆ. ಆಗ ನಕ್ಷೆ ಕೊಟ್ಟು, ಕೊಡಗಿನದೇ ನದಿ ಬರಪೊಳೆ ಪಶ್ಚಿಮಕ್ಕೆ ಹೋಗಿದ್ದೇಕೆ ಅನ್ನಿ. ಇಳಿಜಾರಿನ ಮಾತು ಬಂದಾಗ 2018ರ ಕೊಡಗಿನ ಭೂಕುಸಿತವನ್ನು ಮಾತ್ರ ಮಕ್ಕಳ ಮನೆ ಪರಿಸ್ಥಿತಿ ತಿಳಿಯದೆ ಎತ್ತಬೇಡಿ.

ಶಿಕ್ಷಕಿ, ಸೋಮವಾರಪೇಟೆ ಕಡೆ
ಪೋರ್ಷನ್ ಮುಗಿಯುತ್ತದೆಯೇ? ಅಂಕ ಹೇಗೆ?

ಜೀವಶಾಸ್ತ್ರ, ವಿರಾಜಪೇಟೆ
ಪಾಠಕ್ಕೊಂದೇ ಪ್ರಶ್ನೆ, ಅದೂ ಪಾಠ ಮುಗಿದ ಮೇಲೆ. 3 ಅಂಕವಾದರೆ ಉತ್ತರಕ್ಕೆ 1, ಕಾರಣಕ್ಕೆ 2. ತಪ್ಪು ಉತ್ತರಕ್ಕೆ ಒಪ್ಪುವಂಥ ಕಾರಣ ಕೊಟ್ಟರೂ 1 ಕೊಡಿ.